ಹುಟ್ಟಾ ಮೊಂಡ

ನಾನು ಒಂದು ಚಾಕು. ಚಾಕು ಎಂದ ಕೂಡಲೇ ಈರುಳ್ಳಿ, ಸೌತೆಕಾಯಿ ಎಂದು ಶುರುಮಾಡಬೇಡಿ. ನಾನು ಏನನ್ನೂ ಕತ್ತರಿಸಲು ಹುಟ್ಟಿದವನಲ್ಲ. ಎಲ್ಲೋ ದೂರದ ದೇಶದ ಕಾರ್ಖಾನೆಯಲ್ಲಿ ನನಗೆ ಮರದ ಹಿಡಿ ಹಾಕಿ, ಉಕ್ಕಿನ ಅಂಚಿಗೆ ಬಾಚಣಿಗೆಯಂಥ ಸಣ್ಣ ಹಲ್ಲು ಕೊರೆದರು. ಆಮೇಲೆ ಆ ಹಲ್ಲುಗಳಲ್ಲಿದ್ದ ಹರಿತವನ್ನೆಲ್ಲ ಉಜ್ಜಿ ಉಜ್ಜಿ ತೆಗೆದರು. ಬೇರೆ ಚಾಕುಗಳನ್ನು ಹರಿತ ಬರಲೆಂದು ತಿಕ್ಕುತ್ತಾರೆ, ನನ್ನನ್ನು ಅದು ಹೋಗಲೆಂದು ತಿಕ್ಕಿದರು. ಹೀಗೆ ನಾನು ಹುಟ್ಟಾ ಮೊಂಡ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ, ಹೆಮ್ಮೆಯೇ ಇದೆ.

ನನ್ನ ಕೆಲಸವೇನು ಹೇಳುತ್ತೇನೆ. ಗಡ್ಡಮೀಸೆ ಹೊತ್ತ ಟೆರಿಯರ್ ಎಂಬ ನಾಯಿ ಜಾತಿ ಇದೆ. ಅದರ ಮೈಮೇಲೆ ತಂತಿಯಂಥ ಬಿರುಸು ಕೂದಲು, ಅದರಡಿ ಮೆತ್ತನೆಯ ಇನ್ನೊಂದು ಪದರ. ಮೇಲಿನ ತಂತಿಗೂದಲು ಹಣ್ಣಾಗುತ್ತದೆ, ಆದರೆ ತಾನಾಗಿ ಉದುರುವುದಿಲ್ಲ. ಹಾಗೇ ಬಿಟ್ಟರೆ ಜಡೆಗಟ್ಟುತ್ತದೆ, ತುರಿಸುತ್ತದೆ, ಚರ್ಮ ಹುಣ್ಣಾಗುತ್ತದೆ. ಅದನ್ನು ಬುಡಸಮೇತ ಕೀಳಬೇಕು. ನನ್ನ ಹಲ್ಲಿಗೂ ಹೆಬ್ಬೆರಳಿಗೂ ನಡುವೆ ನಾಲ್ಕು ಕೂದಲು ಹಿಡಿದು ಮೆಲ್ಲಗೆ ಎಳೆದರೆ ಹಣ್ಣಾದದ್ದು ನೋವಿಲ್ಲದೆ ಬರುತ್ತದೆ. ಕತ್ತರಿಸಿದರೆ ಕೆಟ್ಟಿತು. ಬುಡ ಒಳಗೇ ಉಳಿದು, ಮುಂದೆ ಬರುವ ಕೂದಲು ಹತ್ತಿಯಂತೆ ಮೆತ್ತಗಾಗುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ.

ನನ್ನನ್ನು ಬೆಳಗಾವಿಗೆ ತಂದವರು ಕರ್ನಲ್ ಬೋಪಯ್ಯ. ಕ್ಯಾಂಪಿನ ಕಡೆ ಹಳೆಯ ಬಂಗಲೆಯಲ್ಲಿ ಒಬ್ಬರೇ ಇದ್ದರು. ಟೆರಿಯರ್‌ಗಳನ್ನು ಸಾಕಿ ನಾಯಿ ಪ್ರದರ್ಶನಗಳಿಗೆ ಒಯ್ಯುವುದು ಅವರ ಹುಚ್ಚು. ಎದುರುಮನೆಯ ಶಶಿಕಲಾ ಟೀಚರ್ ಭಾನುವಾರ ಬಂದು ಕೂತು ನೋಡುತ್ತಿದ್ದರು. ನೋಡುತ್ತ ನೋಡುತ್ತ ಒಂದು ದಿನ ನನ್ನನ್ನು ಕೈಗೇ ತೆಗೆದುಕೊಂಡರು. ಬೆರಳು ಜಾರದಿರಲೆಂದು ಶಾಲೆಯಿಂದ ಖಡುವಿನ ಚೂರು, ಅಂದರೆ ಸೀಮೆಸುಣ್ಣ, ತಂದು ಪುಡಿಮಾಡಿ ಕೂದಲಿಗೆ ಸವರುವ ಉಪಾಯ ಅವರದೇ.

"ಎಳೀಬೇಡಮ್ಮಾ, ಅದು ಬರ್ತದಾ ಅಂತ ಕೇಳು. ಬರೋದಾದ್ರೆ ಬರ್ತದೆ," ಎನ್ನುತ್ತಿದ್ದರು ಕರ್ನಲ್.

ಕರ್ನಲ್ ತೀರಿಕೊಂಡಾಗ ಅವರ ಕೊನೆಯ ನಾಯಿ ಸುಬೇದಾರ ಇನ್ನೂ ಎಳೆಯವನು. ಮನೆ ಖಾಲಿ ಮಾಡಲು ಬಂದ ನೆಂಟರು ಅವನನ್ನು ನಾಯಿಗಳ ಕೂದಲು ಕತ್ತರಿಸುವ ಒಂದು ಅಂಗಡಿಗೆ ಬಿಟ್ಟರು. ಅಲ್ಲಿ ಅವನ ಮೈಮೇಲೆ ಮೆಷಿನ್ ಓಡಿಸಿದರು. ಮೆಷಿನ್ ಕಾದು ಹೊಟ್ಟೆಯ ಚರ್ಮ ಸುಟ್ಟಿತು. ಸುಬೇದಾರ ಅಂಗಡಿಯವನ ಕೈ ಕಚ್ಚಿದ. ಶಶಿಕಲಾ ಹೋಗಿ ಅವನನ್ನೂ, ಕರ್ನಲ್ ಮನೆಯ ಡಬ್ಬಿಯಲ್ಲಿದ್ದ ನನ್ನನ್ನೂ ತಮ್ಮ ಮನೆಗೆ ತಂದರು. ಅಷ್ಟರಲ್ಲಿ ಅವನು ಮೊದಲಿನ ಸುಬೇದಾರನಾಗಿ ಉಳಿದಿರಲಿಲ್ಲ. ಮೈಮೇಲೆ ಮಾಸಿದ ಹತ್ತಿ, ಕಣ್ಣಿನಲ್ಲಿ ಹೆದರಿಕೆ. ಬಂದ ವಾರದಲ್ಲೇ ಶಶಿಕಲಾರ ಗಂಡ ಗುರಸಿದ್ದಪ್ಪನ ಮೊಣಕೈಗೆ ಬಾಯಿ ಹಾಕಿದ. ಪಾಪ, ಆ ಮನುಷ್ಯ ಬೆನ್ನು ಸವರಲು ಹೋಗಿದ್ದ ಅಷ್ಟೆ.

ಗುರಸಿದ್ದಪ್ಪ ಕೆಟ್ಟವನಲ್ಲ. ಸ್ವಂತ ಲೇಥ್ ಶೆಡ್ ಇಟ್ಟುಕೊಂಡ ಫಿಟ್ಟರ್. ಆದರೆ ಆಡಿದ ಮಾತಿಗೆ ಬೀಗ ಹಾಕಿ ಕೂರುವ ಜಾತಿ.

"ನೋಡ ಶಶಿ, ಇನ್ನೊಮ್ಮೆ ಯಾರಿಗರೆ ಹಲ್ಲ ಹಚ್ಚಿತಂದ್ರ ಇದು ಈ ಮನ್ಯಾಗ ಇರೂದಿಲ್ಲ. ಅಡಿವೆಪ್ಪನ ಕೋಳಿ ಫಾರ್ಮಿಗೆ ಕಳಸತೀನಿ. ಸರಪಳಿ ಹಾಕಿ ಗೇಟಿಗೆ ಕಟ್ಟಲಿ."

ಅಡಿವೆಪ್ಪ ಅವನ ಚಿಕ್ಕಪ್ಪನ ಮಗ. ಶಶಿಕಲಾ ಒಪ್ಪಿದರು. "ಆತು. ಇನ್ನೊಮ್ಮೆ ಕಡದ್ರ ಕಳಸ್ರಿ," ಎಂದರು. ಹಾಗೆಂದವರು ಅವತ್ತಿನಿಂದ ನನ್ನನ್ನು ಹಿಡಿದು ಕೂತರು. ಹಿತ್ತಲ ಕಟ್ಟೆಯ ಮೇಲೆ ಅವರು, ಮಡಿಲಲ್ಲಿ ಅವನು, ಕೈಯಲ್ಲಿ ನಾನು. ಮೊದಮೊದಲು ನನ್ನನ್ನು ಕಂಡರೇ ನಡುಗುತ್ತಿದ್ದ. ಆಮೇಲೆ ಬೆನ್ನು ಕೊಟ್ಟ. ಆಮೇಲೆ ಪಕ್ಕೆ. ಕುತ್ತಿಗೆಯ ಅಡಿ, ಕಿವಿಯ ಕೆಳಗೆ ಚರ್ಮ ತೆಳುವಾಗಿರುವ ಜಾಗವನ್ನು ಮಾತ್ರ ಬಹಳ ಕಾಲ ಕೊಡಲಿಲ್ಲ. ಅದನ್ನೂ ಕೊಟ್ಟ ದಿನ ಶಶಿಕಲಾ ಅತ್ತುಬಿಟ್ಟರು. ಶ್ರಾವಣದ ಹೊತ್ತಿಗೆ ಬೆನ್ನ ಮೇಲೆ ನಿಜವಾದ ತಂತಿ ಮೂಡತೊಡಗಿತ್ತು. ಕೂದಲು ಕಿತ್ತ ದಿನ ರಾತ್ರಿ ಶಶಿಕಲಾರ ಹೆಬ್ಬೆರಳು ಊದಿಕೊಳ್ಳುತ್ತಿತ್ತು. ಗುರಸಿದ್ದಪ್ಪ ಬಿಸಿನೀರು ಕಾಯಿಸಿ ತಂದಿಡುತ್ತಿದ್ದ.

ಆ ಹೆಬ್ಬೆರಳೇ ಎಲ್ಲದಕ್ಕೂ ಮೂಲವಾಯಿತು ನೋಡಿ.

ದಸರೆಯಲ್ಲಿ ನವಮಿಯ ದಿನ ಆ ಮನೆಯಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ನಟ್ಟು ಬಿಗಿಯುವ ಪಾನೆ, ಸುತ್ತಿಗೆ, ಈಳಿಗೆ, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ, ಚೆಂಡುಹೂ. ಅದರ ಹಿಂದಿನ ದಿನ ಶಶಿಕಲಾ ಮನೆಯ ಸಾಮಾನುಗಳ ಜೊತೆ ನನ್ನನ್ನೂ ಗಂಡನ ಬುಟ್ಟಿಗೆ ಹಾಕಿದರು. "ಇದಕ್ಕೂ ಪೂಜಿ ಆಗಲಿ. ನನ್ನ ಮರ್ಯಾದಿ ಉಳಿಸೇತಿ," ಎಂದರು. ನಾನು ಉಬ್ಬಿಹೋದೆ.

ಶೆಡ್ಡಿನಲ್ಲಿ ಗುರಸಿದ್ದಪ್ಪ ಒಂದೊಂದನ್ನೇ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ. ನನ್ನ ಸರದಿ ಬಂತು. ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ. ಮುಖ ಹುಳ್ಳಗಾಯಿತು.

"ಅಯ್ಯ! ಎಷ್ಟ ಮೊಂಡ ಆಗೇತಿ! ಇದನ್ನ ಹಿಡಕೊಂಡ ಆಕಿ ಇಷ್ಟ ದಿನಾ ಹೆಣಗ್ಯಾಳ. ಹೆಬ್ಬಟ್ಟ ಊದದ ಏನಾದೀತು?"

ಬೇಡವೋ ಮಾರಾಯಾ! ನಾನು ಹುಟ್ಟಿದ್ದೇ ಹೀಗೆ! ಆದರೆ ಉಕ್ಕಿನ ಕೂಗು ಯಾರಿಗೆ ಕೇಳುತ್ತದೆ? ಅವನು ಸಾಣೆಕಲ್ಲು ತಿರುಗಿಸಿದ. ಕಿಡಿ ಹಾರಿತು. ಆಮೇಲೆ ಗರಗಸಕ್ಕೆ ಹಾಕುವ ಸಣ್ಣ ಅರ ತಂದು ನನ್ನ ಒಂದೊಂದು ಹಲ್ಲನ್ನೂ ತಿದ್ದಿದ. ಹಾಡು ಗುನುಗುತ್ತ, ಪ್ರೀತಿಯಿಂದ ತಿದ್ದಿದ. ಕೊನೆಗೆ ಒಂದು ಕಾಗದ ಹಿಡಿದು ನನ್ನನ್ನು ಸವರಿದ. ಕಾಗದ ಸದ್ದಿಲ್ಲದೆ ಎರಡಾಯಿತು.

"ಹೇಳೂದ ಬ್ಯಾಡ. ತಾನ ನೋಡಿ ಖುಷಿ ಆಗಲಿ," ಎಂದು ತನ್ನಷ್ಟಕ್ಕೆ ನಕ್ಕ.

ನವಮಿಯ ದಿನ ಆಯುಧ ಮುಟ್ಟುವಂತಿಲ್ಲ. ನಾನು ಪಾನೆಗಳ ನಡುವೆ ಹೂ ಮುಡಿದು ಕೂತೆ. ಸುಬೇದಾರ ಬಂದು ನನ್ನನ್ನು ಮೂಸಿ, ಬಾಲ ಅಲ್ಲಾಡಿಸಿ ಹೋದ. ನನಗೆ ಊದಿನಕಡ್ಡಿಯ ವಾಸನೆಯೂ ಬೇಡವಾಯಿತು. ನಾಳೆ ಶಶಿಕಲಾ ನನ್ನನ್ನು ನೋಡದೆಯೇ ಎತ್ತಿಕೊಳ್ಳುತ್ತಾರೆ. ಅವರ ಕಣ್ಣು ಯಾವಾಗಲೂ ನಾಯಿಯ ಮುಖದ ಮೇಲೆ.

ಹಾಗೇ ಆಯಿತು. ಮರುದಿನ ಬನ್ನಿ ಹಬ್ಬ. ಸಂಜೆ ಬನ್ನಿ ಕೊಡಲು ಬರುವವರ ಮುಂದೆ ನಾಯಿ ನೀಟಾಗಿರಲಿ ಎಂದು ಶಶಿಕಲಾ ಬೆಳಿಗ್ಗೆಯೇ ಕಟ್ಟೆಯ ಮೇಲೆ ಕೂತರು. ಗುರಸಿದ್ದಪ್ಪ ಎಂದೂ ಇಲ್ಲದವನು ಚಹಾದ ಕಪ್ಪು ಹಿಡಿದು ಎದುರಿಗೆ ಬಂದು ಕೂತ. ಹೆಂಡತಿ ಯಾವಾಗ ಹೊಗಳುತ್ತಾಳೋ ಎಂದು ಕಾಯುತ್ತಿದ್ದ.

ಊದುವ ಹೆಬ್ಬೆರಳಿಗೆ ಶಶಿಕಲಾ ದಪ್ಪ ಬಟ್ಟೆ ಸುತ್ತಿಕೊಂಡಿದ್ದರು, ನನ್ನ ಹರಿತ ಅವರಿಗೆ ತಾಕಲೇ ಇಲ್ಲ. ಬೆನ್ನ ಮೇಲೆ ಮೊದಲ ಹಿಡಿ. ಸರಕ್ಕನೆ ಬಂತು. ಎರಡನೆಯದೂ ಬಂತು.

"ಏನೋ ಸುಬೇದಾರ, ಇವತ್ತ ಎಷ್ಟ ಸಲೀಸ ಬರಾಕತ್ತಾವಲ್ಲೋ!"

ಗುರಸಿದ್ದಪ್ಪ ಮೀಸೆಯಲ್ಲೇ ನಕ್ಕ. ಬರುತ್ತಿರಲಿಲ್ಲ, ತುಂಡಾಗುತ್ತಿತ್ತು! ಶಶಿಕಲಾ ಒಮ್ಮೆ ಕೈಯಲ್ಲಿದ್ದ ಕೂದಲನ್ನು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಪಕ್ಕೆ ಮುಗಿಯಿತು. ಭುಜ ಮುಗಿಯಿತು. ನಾನು ಕುತ್ತಿಗೆಯ ಕಡೆ ಹೊರಟೆ. ಸುಬೇದಾರ ಕಣ್ಣು ಮುಚ್ಚಿ ಗದ್ದ ಮೇಲೆತ್ತಿದ. ಶಶಿಕಲಾ ಎಡಗೈಯಿಂದ ಕಿವಿಯ ಕೆಳಗಿನ ತೆಳು ಚರ್ಮವನ್ನು ಬಿಗಿಹಿಡಿದು, ಬಲಗೈಯಿಂದ ನನ್ನನ್ನು ಒತ್ತಿ ಎಳೆದರು.

ಕೂದಲೊಂದಿಗೆ ಚರ್ಮವೂ ಸೀಳಿತು.

ಸುಬೇದಾರ ಕಿರುಚಿ ತಿರುಗಿದ. ಹಲ್ಲುಗಳು ಶಶಿಕಲಾರ ಎಡಗೈಯಲ್ಲಿ ಇಳಿದವು. ಮರುಕ್ಷಣ ಬಿಟ್ಟು, ಒಳಗೋಡಿ ಮಂಚದ ಕೆಳಗೆ ಸೇರಿಕೊಂಡ. ನಾನು ಕಲ್ಲಿನ ಮೇಲೆ ಬಿದ್ದೆ. ಕಪ್ಪು ಒಡೆಯಿತು.

"ಮುಗೀತು!" ಎಂದ ಗುರಸಿದ್ದಪ್ಪ. ಹೆಂಡತಿಯ ಕೈಯಿಂದ ಸುರಿಯುವ ರಕ್ತ ನೋಡಿ ಅವನ ಮುಖ ಬಿಳುಪೇರಿತ್ತು. ನಲ್ಲಿಯ ಕೆಳಗೆ ಸೋಪು ಹಚ್ಚಿ ಕೈ ತೊಳೆದು ಬಟ್ಟೆ ಸುತ್ತಿದ. ಆಸ್ಪತ್ರೆಗೆ ಹೋಗುವ ಮೊದಲೇ ಫೋನು ತೆಗೆದ. "ಅಡಿವೆಪ್ಪಾ, ಗಾಡಿ ತಗೊಂಡ ಬಾ. ನಾಯಿ ಕಡದೇತಿ, ಒಯ್ಯಿ."

ಶಶಿಕಲಾ ಕೈ ಎದೆಗೆ ಒತ್ತಿಕೊಂಡು ಕೂತಿದ್ದರು. "ನಂದ ಕೈ ಬಿರುಸಾತೇನೋ ರೀ... ಕೂದಲ ಎಂದೂ ಹಿಂಗ ಬಂದಿಲ್ಲ, ಅದಕ್ಕ ಮೈಮರತ ಎಳದ್ನೇನೋ. ಆತು, ಮಾತ ಕೊಟ್ಟೀನಿ. ಕಳಸ್ರಿ." ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಗುರಸಿದ್ದಪ್ಪ ನನ್ನನ್ನು ಎತ್ತಿಕೊಂಡ. ನನ್ನ ಹಲ್ಲಿನ ತುಂಬ ರಕ್ತ. ಅವನು ಫಿಟ್ಟರ್, ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಕಣ್ಣಲ್ಲೇ ಹಿಡಿಯುವವನು. ಹೆಂಡತಿಯ ಕೈ ನೋಡಿದ, ಕಚ್ಚಿದ್ದು ಎಡಗೈಗೆ. ನಾನಿದ್ದದ್ದು ಬಲಗೈಯಲ್ಲಿ. ಮತ್ತೆ ಈ ರಕ್ತ ಯಾರದು? ಕಟ್ಟೆಯ ಮೇಲಿನ ಕೂದಲ ರಾಶಿ ನೋಡಿದ, ಎಲ್ಲವೂ ಕತ್ತರಿಸಿದ ತುಂಡು. "ಎಂದೂ ಹಿಂಗ ಬಂದಿಲ್ಲ" ಎಂದಿದ್ದಳು. ಅವನ ಬೆರಳು ನನ್ನ ಹಿಡಿಯ ಮೇಲೆ ತಣ್ಣಗಾಯಿತು.

ನಲ್ಲಿ ತಿರುಗಿಸಿದ. ನೀರು ಬಂತು. ನನ್ನನ್ನು ಅದರಡಿ ಹಿಡಿದರೆ ಮುಗಿಯಿತು. ರಕ್ತ ತೊಳೆದುಹೋಗುತ್ತದೆ, ನಾಯಿಯೂ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ತಿಳಿದಿದ್ದ ನನಗೆ ನಾಲಿಗೆಯಿಲ್ಲ. ನೀರು ಸುರಿಯುತ್ತಲೇ ಇತ್ತು. ಗೇಟಿನಲ್ಲಿ ಹಾರ್ನ್ ಕೇಳಿತು.

ಅಡಿವೆಪ್ಪ ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದರಲ್ಲಿ ಸರಪಳಿ ಹಿಡಿದು ಬಂದ. "ಅಣ್ಣಾ, ವೈನಿ, ಬನ್ನಿ ತಗೊಂಡ ಬಂಗಾರಧಂಗ ಇರೂಣು! ಎಲ್ಲದಾನ ನಿಮ್ಮ ಸುಬೇದಾರ?"

"ನಾನ ಕರಕೊಂಡ ಬರತೀನಿ," ಎಂದು ಶಶಿಕಲಾ ಒಳಗೆ ಹೋಗಿ ಕರೆದರು. ಕಚ್ಚಿದವನು, ಬೈಸಿಕೊಳ್ಳಬೇಕಾದವನು, ಆ ದನಿಗೆ ಮಂಚದ ಕೆಳಗಿನಿಂದ ತೆವಳಿಕೊಂಡು ಹೊರಬಂದ. ಅವರ ಹಿಂದೆಯೇ ಹಿತ್ತಲಿಗೂ ಬಂದ. ಅಡಿವೆಪ್ಪ ಸರಪಳಿ ಬಿಡಿಸಿ ಬಗ್ಗಿದ.

ಗುರಸಿದ್ದಪ್ಪ ನಲ್ಲಿ ನಿಲ್ಲಿಸಿದ. ನನ್ನನ್ನು ತೊಳೆದಿರಲಿಲ್ಲ.

"ಶಶೀ, ಒಂದ ಮಾತ ಹೇಳ. ಇದು ಮೊಂಡನ ಇರಬೇಕಾಗಿತ್ತೇನು?"

"ಮತ್ತೇನ್ರಿ? ಮೊಂಡ ಇದ್ರನ ಕೂದಲ ಬುಡದಿಂದ ಬರತಾವು. ಯಾಕ?"

ಅವನು ಅಡಿವೆಪ್ಪನ ಕಡೆ ತಿರುಗಿದ. "ಸರಪಳಿ ತಗೀಯೋ ಅಡಿವೆಪ್ಪಾ."

"ಯಾಕಣ್ಣಾ? ಕಡದೇತಿ ಅಂದೀಯಲ್ಲ?"

"ಮೊದಲ ಕಡದಾಂವ ನಾ. ಇದಕ್ಕ ಸಾಣಿ ಹಿಡದೆ. ಆಕಿ ಕೈಗೆ ಹಗರಾಗಲಿ ಅಂತ ಹಿಡದೆ."

ಶಶಿಕಲಾ ನೆಲಕ್ಕೆ ಕೂತು ನಾಯಿಯ ಕುತ್ತಿಗೆಯ ಕೂದಲು ಸರಿಸಿದರು. ಗಾಯ ಬಾಯಿಬಿಟ್ಟಿತ್ತು. ಎಂದೂ ಗಂಡನಿಗೆ ಎದುರಾಡದ ಹೆಂಗಸು ಅವತ್ತು ಕೂಗಿದರು. "ಒಂದ ಮಾತ ಕೇಳಬಾರದಾಗಿತ್ತೇನ್ರಿ? ಬಾಯಿ ಇತ್ತಲ್ಲ ನಿಮಗ! ಅಂವಂಗ ಇರಲಿಲ್ಲ, ನಿಮಗಿತ್ತಲ್ಲ!"

ಗುರಸಿದ್ದಪ್ಪ ತಲೆ ತಗ್ಗಿಸಿ ನಿಂತ. ಅಡಿವೆಪ್ಪ ಏನು ಮಾಡಬೇಕೆಂದು ತಿಳಿಯದೆ ಇಬ್ಬರ ಕೈಗೂ ಬನ್ನಿ ಇಟ್ಟು, ಸರಪಳಿ ಹೆಗಲಿಗೆ ಹಾಕಿಕೊಂಡು ಹೊರಟ. ಆಮೇಲೆ ಇಬ್ಬರೂ ಆಸ್ಪತ್ರೆಗೆ ಹೋದರು. ನಾಯಿಯನ್ನೂ ಡಾಕ್ಟರಿಗೆ ತೋರಿಸಿಕೊಂಡು ಬಂದರು.

ಶಶಿಕಲಾರ ಕೈ ವಾಸಿಯಾಗಲು ಬಹಳ ಸಮಯ ಹಿಡಿಯಿತು. ಸುಬೇದಾರನ ಬೆನ್ನು ಮತ್ತೆ ಹತ್ತಿಯಾಯಿತು. ಅದನ್ನು ಸರಿಪಡಿಸಲು ಕೂತವನು ಗುರಸಿದ್ದಪ್ಪ. ಬರಿಗೈಯಲ್ಲಿ ಕೂತ. ಎಣ್ಣೆ, ಗ್ರೀಸು ತಿಕ್ಕಿ ತೊಳೆದ ಬೆರಳಿಗೆ ಖಡುವಿನ ಪುಡಿ ಹಚ್ಚಿಕೊಂಡು, ಒಂದೊಂದೇ ಕೂದಲು ಹಿಡಿದ. ಶಶಿಕಲಾ ಪಕ್ಕದಲ್ಲಿ ಕೂತು ಗದರುತ್ತಿದ್ದರು. "ಹಣ್ಣಾದದ್ದ ಹಿಡೀರಿ, ಕಾಯಿ ಜಗ್ಗಬ್ಯಾಡ್ರಿ." ಸುಬೇದಾರ ತುಟಿ ಎತ್ತಿ ಗುರ್ ಎನ್ನುತ್ತಿದ್ದ. ಅವನು ಗುರ್ ಎಂದಾಗೆಲ್ಲ ಗುರಸಿದ್ದಪ್ಪ ಕೈ ತಡೆಯುತ್ತಿದ್ದ, ಆದರೆ ಎದ್ದು ಹೋಗುತ್ತಿರಲಿಲ್ಲ.

ನನ್ನನ್ನೂ ಸರಿಮಾಡಲು ನೋಡಿದ. ಇಟ್ಟಿಗೆಯ ಮೇಲೆ ತಿಕ್ಕಿ ತಿಕ್ಕಿ ಹರಿತ ಕಳೆದು, ಒಂದು ದಿನ ತಂದು ನಾಯಿಯ ಮುಂದೆ ಇಟ್ಟ. ಸುಬೇದಾರ ಮೂಸಿದ. ಎದ್ದು ಮಂಚದ ಕೆಳಗೆ ಹೋದ. ಕರ್ನಲ್ ಮನೆಯಿಂದ ಜೊತೆಗಿದ್ದವನು ನಾನು! ಅವನದೇನು ತಪ್ಪು? ಅವನ ಮಟ್ಟಿಗೆ ಕುತ್ತಿಗೆ ಸೀಳಿದ್ದು ನಾನೇ. ನನಗೆ ಆದ ಸಂಕಟವನ್ನು ಯಾವ ಬಾಯಲ್ಲಿ ಹೇಳಲಿ?

ಈಗ ನಾನು ಶೆಡ್ಡಿನಲ್ಲಿದ್ದೇನೆ. ಪಾನೆಗಳ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ. ಹಳೆ ಗ್ರೀಸು ಕೆರೆಯುವುದು ನನ್ನ ಕೆಲಸ. ಹಿಡಿ ಬಿರುಕು ಬಿಟ್ಟಿದೆ, ಎರಡು ಹಲ್ಲು ಮುರಿದಿವೆ. ಭಾನುವಾರ ಶೆಡ್ಡಿಗೆ ರಜೆ, ಆದರೆ ಹಿಂದಿನ ಕಿಟಕಿ ಮನೆಯ ಹಿತ್ತಲಿಗೆ ತೆರೆಯುತ್ತದೆ. ಕಟ್ಟೆಯ ಮೇಲಿನ ಮಾತೆಲ್ಲ ಕೇಳುತ್ತದೆ. ನಾನಿಲ್ಲದೆಯೂ ಅವನ ಮೈ ತಂತಿಯಾಗಿದೆಯಂತೆ. ಹೊಟ್ಟೆಕಿಚ್ಚಾಗುವುದಿಲ್ಲ ಎಂದರೆ ಸುಳ್ಳು ಹೇಳಿದಂತೆ.

ಹೋದ ಭಾನುವಾರ ಶಶಿಕಲಾ, "ಸಾಕ ಬಿಡ್ರಿ, ಬೆರಳ ಊದತಾವು," ಎಂದರು.

"ತಡೀ, ಕುತ್ತಿಗಿ ಒಂದ ಉಳದೇತಿ," ಎಂದ ಗುರಸಿದ್ದಪ್ಪ. ಮತ್ತೆ ಮಾತಾಡಿದಾಗ ಅವನ ದನಿ ಒಡೆದಿತ್ತು. "ಶಶೀ... ಇಲ್ಲಿ ನೋಡ. ಗದ್ದ ತಾನ ಎತ್ತಿ ಕೊಟ್ಟಾನ."

ಅವತ್ತು ನನ್ನ ಹೊಟ್ಟೆಕಿಚ್ಚು ಅರ್ಧಕ್ಕರ್ಧ ತಣ್ಣಗಾಯಿತು.