ಬೇಲಿಯೊಳಗೆ ಬಂದ ಎತ್ತು

ಹಗ್ಗ ಕಿತ್ತುಕೊಂಡ ಎತ್ತು ಸೌದೆ ಒಡೆಯುತ್ತಿದ್ದ ಗಂಡಸರನ್ನು ದಿಕ್ಕಾಪಾಲಾಗಿಸಿ ನೇರ ಹೋಗಿ ನುಗ್ಗಿದ್ದು ಸತ್ತವಳ ಬೇಲಿಯೊಳಕ್ಕೆ. ಅಲ್ಲಿ ನಾಯಿ, ಕತ್ತೆ, ಮೇಕೆಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಎತ್ತು ಸುತ್ತ ನೋಡಿತು, ಹುಟ್ಟಿದ್ದೇ ಇಲ್ಲಿ ಎಂಬಂತೆ ನೀರಿನ ತೊಟ್ಟಿಗೆ ಬಾಯಿ ಹಾಕಿತು.

ಸತ್ತವಳ ತಮ್ಮ ಡಿತಿರೊ ಎರವಲು ಕೋಟಿನಲ್ಲೇ ಓಡಿ ಬಂದು ಬೇಲಿಯ ಬಾಗಿಲಿಗೆ ಅಡ್ಡ ನಿಂತ.

"ಸರಿ ಆಚೆ, ಡಿತಿರೊ," ಎಂದಳು ಪಕ್ಕದ ಮನೆಯ ಮ್ಮಾ-ಕಾಬೊ, ಸೌಟು ಎತ್ತಿ. ಮಾಂಸ ಬೇಯಿಸುವುದು ಗಂಡಸರ ಕೆಲಸ. ಗಂಡಸರನ್ನು ಗದರಿಸುವುದು ಅವಳದು. "ಲಾರಿ ಕೆಟ್ಟು, ನಿನ್ನೆ ಸಂಜೆ ಕಡಿಯೋಕೆ ಬರಬೇಕಾದ ಎತ್ತು ಈಗ ಬಂದಿದೆ. ಮಣ್ಣು ಮುಗಿಸ್ಕೊಂಡು ಬರೋರಿಗೆ ಮಾಂಸ ಅಂತ ಏನ್ ಕುಟ್ಟಿ ಹಾಕ್ಲಿ? ನಿನ್ ತಲೇನಾ?"

"ತಾನಾಗಿ ಒಳಗೆ ಬಂದಿದ್ದನ್ನ ಹೊರಗೆ ತಳ್ಳಬಾರದು ಅಂತಿದ್ಲು ಅಕ್ಕ."

"ಅದು ನಾಯಿಗೆ ಹೇಳಿದ್ದು ಕಣೋ!"

"ಕತ್ತೆಗೂ ಹೇಳಿದ್ಲು. ನೀನು ಓಡಿಸಿದ ಮೇಕೆಗೂ ಹೇಳಿದ್ಲು."

"ಮಾಂಸ ಇಲ್ದೆ ಸಾವು ಮಾಡಿದ್ರೆ ಊರೆಲ್ಲ ನಗುತ್ತೆ."

ಡಿತಿರೊ ಹುಟ್ಟಿನಿಂದ ಯಾವ ವಾದವನ್ನೂ ಗೆದ್ದವನಲ್ಲ. ನಾಯಿ ಕಂಡರೆ ಅವನಿಗೆ ಇಂದಿಗೂ ಹೆದರಿಕೆ. ಸೋಮವಾರದೊಳಗೆ ಬೇರೆ ಜಾಗ ಸಿಗದಿದ್ದರೆ ಕೌನ್ಸಿಲ್‌ನವರು ಬಂದು, ಒಡತಿಯಿಲ್ಲದ ಈ ಬೇಲಿಯ ಪ್ರಾಣಿಗಳನ್ನೆಲ್ಲ ಮುಗಿಸುತ್ತಾರೆ ಎಂದು ತಿಳಿದ ಮೇಲೆ ಅವನಿಗೆ ಅನ್ನ ಸೇರಿರಲಿಲ್ಲ. ಇವತ್ತು ಒಂದನ್ನಾದರೂ ಉಳಿಸುತ್ತೇನೆ ಅಂದುಕೊಂಡ.

"ನಗ್ಲಿ," ಎಂದ.

*

ಮೊರಲಾನೆ ಚಿಕ್ಕ ಊರಾಗಿದ್ದಾಗ ಡಿತಿರೊನ ಅಕ್ಕ, ಶಾಲೆಯ ಅಡುಗೆಯ ಮ್ಮಾ-ತ್ಶಿಯಾಮೊ ಹಿಂದೆ ಬರುತ್ತಿದ್ದದ್ದು ಒಂದೇ ನಾಯಿ. ಆಮೇಲೆ ಟಾರು ರಸ್ತೆ ಬಂತು, ಗಣಿ ಬಂತು, ತಗಡಿನ ಮನೆಗಳು ಸಾಲಾಗಿ ಎದ್ದವು. ಜನ ಕಾವಲಿಗೆಂದು ನಾಯಿ ತಂದರು. ವರ್ಗವಾದಾಗ ತಗಡನ್ನೂ ಬಿಡದೆ ಕಟ್ಟಿಕೊಂಡು ಹೋದರು, ನಾಯಿಯನ್ನು ಮಾತ್ರ ಮರೆತರು. ಗಾಡಿಗೆ ಬೇಡವಾದ ಕತ್ತೆಗಳೂ ಅವಳ ಬಾಗಿಲಿಗೇ ಬಂದವು. ಎಲ್ಲಕ್ಕೂ ಅದೇ ಬೇಲಿ.

ಊರಕಟ್ಟೆಯ ಪ್ರತಿ ಸಭೆಯಲ್ಲೂ ಅವಳು ಎದ್ದು ನಿಲ್ಲುತ್ತಿದ್ದಳು.

"ಊರು ದೊಡ್ಡದಾಯ್ತು ಒಡೆಯಾ, ನನ್ನ ಬೇಲಿ ದೊಡ್ಡದಾಗ್ಲಿಲ್ಲ. ನಿಮ್ಮ ಹಳೇ ದನದ ದೊಡ್ಡಿ ಖಾಲಿ ಬಿದ್ದಿದೆಯಲ್ಲಾ?"

ಊರಿನ ಒಡೆಯ, ಕ್ಗೋಸಿ ರಪುಲಾ, ಒಮ್ಮೆ ಬೇಸತ್ತು ಹೇಳಿದ: "ಜನಕ್ಕೇ ಜಾಗ ಇಲ್ಲ, ಮ್ಮಾ. ಅಷ್ಟು ಬೇಕಿದ್ರೆ ನಿನ್ನ ನಾಯಿಗಳೇ ಬಂದು ಕೇಳ್ಲಿ, ಕೊಡ್ತೀನಿ."

ಕಟ್ಟೆ ತುಂಬ ನಗು. ಡಿತಿರೊ ಕೂಡ ನಕ್ಕಿದ್ದ.

"ಎಲ್ರೂ ಕೇಳಿಸ್ಕೊಂಡ್ರಾ?" ಎಂದು ಕೇಳಿ ಅವಳು ಕೂತಳು. ಕಟ್ಟೆಯ ಮೇಲೆ ಒಡೆಯ ಆಡಿದ ಮಾತು ತಮಾಷೆಯದಾದರೂ ಹಿಂದಕ್ಕೆ ಹೋಗುವುದಿಲ್ಲ.

*

ಮಣ್ಣು ಮುಗಿಸಿ ಬಂದವರು ಬಾಗಿಲಲ್ಲಿ ಕೈ ತೊಳೆದು ಚಪ್ಪರದಡಿ ಕೂತರು. ಮಾಂಸದ ವಾಸನೆಯಿಲ್ಲ. ಗುಸುಗುಸು ಎದ್ದಿತು. ಮಾತಾಡುವ ಮೊದಲು ಬಾಯಾಡಿಸಲೆಂದು ಕ್ಗೋಸಿಯ ಮಡಿಲಲ್ಲಿ ಬಿಸಿ ಮಗ್ವಿನ್ಯಾದ ತಟ್ಟೆ ಇಟ್ಟಿದ್ದರು. ಎಣ್ಣೆಯಲ್ಲಿ ಉಬ್ಬಿದ ಆ ಉಂಡೆಗಳೇ ಅವತ್ತಿನ ವಿಶೇಷ.

"ಈ ತಾಯಿ ಯಾರನ್ನೂ ಬಾಗಿಲಿಂದ ವಾಪಸ್ ಕಳಿಸ್ದೋಳಲ್ಲ—" ಎಂದು ಕ್ಗೋಸಿ ಶುರುಮಾಡುವುದಕ್ಕೂ, ಅತ್ತ ಎತ್ತು ಮಲಗಲು ಮನಸ್ಸು ಮಾಡುವುದಕ್ಕೂ ಸರಿಹೋಯಿತು. ಎತ್ತು ಒರಗಿದ್ದೇ ತಡ, ತಂತಿ ಸುತ್ತಿ ಸುತ್ತಿ ನಿಲ್ಲಿಸಿದ್ದ ಬೇಲಿ ಮಕಾಡೆ ಬಿತ್ತು. ಮೇಕೆಗಳು ಹೆಂಗಸರ ಶಾಲುಗಳಿಗೆ ಬಾಯಿ ಹಾಕಿದವು. ಕತ್ತೆಯೊಂದು ಪಾದ್ರಿಯ ಪಕ್ಕದ ಖಾಲಿ ಕುರ್ಚಿಯ ಹಿಂದೆ ನಿಂತು ಗಂಭೀರವಾಯಿತು. ನಾಯಿಗಳು ಮಾತ್ರ ಅತ್ತಿತ್ತ ನೋಡದೆ ಬಂದು ಕ್ಗೋಸಿಯ ಸುತ್ತ ಕೂತು ಮುಖ ಎತ್ತಿದವು. ಮೂರು ಕಾಲಿನ ಮುದಿ ನಾಯಿಯೊಂದು ಅವನ ಮೊಣಕಾಲ ಮೇಲೆ ಪಾದವಿಟ್ಟಿತು.



"ಒಡೆಯಾ," ಎಂದಳು ಮ್ಮಾ-ಕಾಬೊ, ಆ ನಾಯಿಗಳ ಮೇಲೆ ಬಾರಿ ಬಾರಿ ದೂರು ಕೊಟ್ಟವಳು, "ಬಂದು ಕೇಳ್ತಾ ಇದಾವೆ."

"ಮಗ್ವಿನ್ಯಾ ಕೇಳ್ತಿರೋದು ಕಣಮ್ಮಾ!"

ಡಿತಿರೊ ಎದ್ದು ನಿಂತ. ನಾಯಿಗಳ ನಡುವೆ ಬಂದು ಮಂಡಿಯೂರಿದ. "ಒಳಗೆ ಜಾಗ ಇಲ್ದೆ ಬೇಲಿ ಬಿತ್ತು, ಒಡೆಯಾ. ಸೋಮವಾರ ಇವನ್ನೆಲ್ಲ ಕೊಲ್ತಾರೆ. ಅಕ್ಕ ಇದ್ದಿದ್ರೆ ಕೇಳ್ತಿದ್ಲು. ಇದಕ್ಕಿಂತ ಚೆನ್ನಾಗಿ ಕೇಳೋಕೆ ಇವಕ್ಕೂ ಬರಲ್ಲ, ನನಗೂ ಬರಲ್ಲ."

ಮಾತು ಮುಗಿಸಿ ನೋಡಿದರೆ ಮೂರು ಕಾಲಿನ ನಾಯಿಯ ಕುತ್ತಿಗೆ ತಬ್ಬಿ ಹಿಡಿದಿದ್ದ.

ಕ್ಗೋಸಿ ಜನರನ್ನು ನೋಡಿದ. ಅಂದು ಕಟ್ಟೆಯಲ್ಲಿ ನಕ್ಕವರೆಲ್ಲ ಅಲ್ಲೇ ಇದ್ದರು. ಈಗ ಯಾರೂ ನಗುತ್ತಿರಲಿಲ್ಲ, ಕಾಯುತ್ತಿದ್ದರು. ಅವನು ನಿಟ್ಟುಸಿರು ಬಿಟ್ಟು ಒಂದು ಮಗ್ವಿನ್ಯಾ ಮುರಿದು ಮುದಿ ನಾಯಿಗೆ ಹಾಕಿದ.

"ಮೊದಲು ಊಟ ಬಡಿಸಿ," ಎಂದ. "ಆಮೇಲೆ ನನ್ನ ಜೊತೆ ದೊಡ್ಡಿಗೆ ಬನ್ನಿ."

ಊರಿಗೆ ಊರೇ ಜೋಳದ ಮುದ್ದೆಗೆ ಬರೀ ಅವರೆಕಾಳು ಹಚ್ಚಿಕೊಂಡು, ಗೊಣಗುತ್ತಲೇ, ಎರಡೆರಡು ಸಲ ಹಾಕಿಸಿಕೊಂಡು ಉಂಡಿತು.

ದೊಡ್ಡಿಯ ಅಡ್ಡಗಳೆಗಳನ್ನು ಕ್ಗೋಸಿ ತಾನೇ ಸರಿಸಿದ. ನಾಯಿಗಳು ಅನುಮಾನದಿಂದ ಹೊರಗೇ ಮೂಸುತ್ತ ನಿಂತವು. ಅವುಗಳ ನಡುವಿನಿಂದ ಎತ್ತು, ಕಿತ್ತ ಹಗ್ಗ ಎಳೆದುಕೊಂಡು, ಯಾರನ್ನೂ ಕೇಳದೆ ಎಲ್ಲರಿಗಿಂತ ಮೊದಲು ಒಳಗೆ ನಡೆಯಿತು. ಮ್ಮಾ-ಕಾಬೊ ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅದಕ್ಕೆ ದಾರಿ ಬಿಟ್ಟಳು.