ಗೇಟ್ ತನಕ

"ಇದಲ್ಲ, ಇದೂ ಅಲ್ಲ" ಅಂತ ರಕ್ಷಾ ಬಾಗಿಲ ಮುಂದಿನ ಚಪ್ಪಲಿ ರಾಶೀನ ಎರಡೂ ಕೈಯಲ್ಲಿ ಕೆದಕ್ತಾ ಇದ್ಲು. ಅಮ್ಮನ ಸಾವಿಗೆ ಅರ್ಧ ಬಸವೇಶ್ವರನಗರವೇ ಬಂದಿತ್ತು. ಅಷ್ಟು ಜನರ ಚಪ್ಪಲಿ ಕೆಳಗೆ ಅಪ್ಪಾಜಿಯ ಪಟ್ಟಿ ಚಪ್ಪಲಿ ಎಲ್ಲೋ ಸಿಕ್ಕಾಕೊಂಡಿತ್ತು.

"ಏನೇ ಅದು, ಎತ್ತೋ ಹೊತ್ತಲ್ಲಿ?" ಸೋದರತ್ತೆ ದಾನಮ್ಮ ಗದರಿದ್ರು.

"ಅಪ್ಪಾಜಿ ಬೆಳಗಿಂದ ಚಪ್ಪಲಿ ಕೇಳ್ತಾ ಇದಾರೆ ಅತ್ತೆ."

"ನಮ್ಮಣ್ಣಂಗೆ ತಲೆ ಕೆಟ್ಟಿದೆ. ಹೆಂಡ್ತಿ ಹೋಗಿದಾಳೆ, ಚಪ್ಪಲಿ ಬೇಕಂತೆ!"

ನಡುಮನೇಲಿ ಅಮ್ಮ ಜಗದಾಂಬಾನ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ರು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪಾಜಿ ರೇವಣಸಿದ್ದಪ್ಪ. ಸ್ಟ್ರೋಕ್ ಹೊಡೆದ ಮೇಲೆ ಬಲಗಾಲು ಎಳೀತಾರೆ, ಮಾತು ಒಂದೊಂದೇ.

"ಒಂದು ಗಳಿಗೆ ಕೂತವಳಲ್ಲ. ಈಗ ನೋಡು, ಹೆಂಗೆ ಕೂತಿದಾಳೆ," ಅಂತ ದಾನಮ್ಮತ್ತೆ ಸೆರಗಲ್ಲಿ ಮೂಗೊರೆಸಿಕೊಂಡ್ರು.

"ಚಪ್ಲಿ," ಅಂದ್ರು ಅಪ್ಪಾಜಿ ಮತ್ತೆ.

ಅಣ್ಣ ಗಿರಿರಾಜ್ ರಕ್ಷಾನ ಪಕ್ಕಕ್ಕೆ ಕರೆದ. "ಅವರು ರುದ್ರಭೂಮಿಗೆ ಬರೋದು ಬೇಡ ಕಣೇ. ಇನ್ಮೇಲೆ ಮಲಗೇ ಇರ್ಲಿ, ಒಬ್ಬ ನರ್ಸ್ ಇಟ್ರಾಯ್ತು. ದಿನಾ ನಡೆಸೋರು ಯಾರು?"

ರಕ್ಷಾ ಮತ್ತೆ ಚಪ್ಪಲಿ ರಾಶಿ ಕಡೆ ನಡೆದ್ಲು. ನಡಿಗೆ ನಿಂತ್ರೆ ಆಮೇಲೆ ಹಾಸಿಗೇನೆ ಗತಿ ಅಂತ ಡಾಕ್ಟರ್ ಆಗ್ಲೇ ಹೇಳಿದ್ರು.

*

ಹೋದ ಮಳೆಗಾಲದಲ್ಲೊಂದು ಬೆಳಿಗ್ಗೆ ಇದಕ್ಕೇ ರಕ್ಷಾ ಅಮ್ಮನ ಜೊತೆ ಜಗಳ ಆಡಿದ್ಲು.

"ಡಾಕ್ಟರ್ ಪಾರ್ಕ್ ಸುತ್ತಿಸಿ ಅಂದ್ರೆ ನೀನು ಗೇಟ್ ಮುಟ್ಟಿಸಿ ವಾಪಸ್ ಕರ್ಕೊಂಡ್ ಬರ್ತೀಯಲ್ಲಮ್ಮ! ನಿನ್ನೆ ಮಳೆ ಅಂತ ಅದೂ ಇಲ್ಲ, ಬರೀ ಚಪ್ಪಲಿ ಹಾಕ್ಸಿ, ನಿಲ್ಸಿ, ಬಿಚ್ಚಿದೀಯ. ಇದೂ ಒಂದು ವಾಕಿಂಗಾ?"

ಅಮ್ಮ ಬಗ್ಗಿ ಅಪ್ಪಾಜಿ ಚಪ್ಪಲಿ ಪಟ್ಟಿ ಒತ್ತುತ್ತಾ ಇದ್ರು. "ನೀನು ಜಿಮ್ ಸೇರಿದ್ಯಲ್ಲ, ಹೆಂಗಿದೆ ಅದು?"

"ಅದು... ಒಂದು ವಾರ ತಪ್ಪೋಯ್ತು. ಬಿಟ್ಟೆ."

"ನಿಮ್ಮಪ್ಪಾಜಿ ಇನ್ನೂ ಬಿಟ್ಟಿಲ್ಲ ಕಣೇ."

ಅಪ್ಪಾಜಿ ಸೊಟ್ಟ ಬಾಯಲ್ಲೇ ಕಿಸಕ್ಕಂತ ನಕ್ಕಿದ್ರು. ಅಮ್ಮ ಅವರ ಎರಡೂ ಕೈ ಹಿಡಿದು, ಎದುರಿಗೆ ನಿಂತು, ತಾವು ಹಿಮ್ಮುಖವಾಗಿ ಹೆಜ್ಜೆ ಇಟ್ಟಿದ್ರು. "ಬನ್ರೀ. ನನ್ನ ನೋಡಿ, ಕಾಲು ನೋಡ್ಬೇಡಿ."

*

ಶಾಮಿಯಾನದ ಕಂಬದ ಹಿಂದೆ ಕೊನೆಗೂ ಚಪ್ಪಲಿ ಸಿಕ್ತು. ಒಂದೇ ಕಾಲಿಂದು.

"ಒಂದೇನಾ? ಬಿಡು ಹಂಗಾದ್ರೆ," ಅಂದ ಗಿರಿರಾಜ್.

"ಒಂದು ಸಾಕು."

ಅಪ್ಪಾಜೀನ ಕುರ್ಚಿ ಸಮೇತ ಅಂಗಳಕ್ಕೆ ತಂದು ಕೂರಿಸಿದ್ರು. ರಕ್ಷಾ ಅವರ ಕಾಲ ಹತ್ರ ಕೂತು, ಬಲಗಾಲಿಗೆ ಹಾಕಿ, ಪಟ್ಟಿ ಒತ್ತಿದ್ಲು. ಅಷ್ಟರಲ್ಲಿ ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಅಮ್ಮನ್ನ ಕೂರಿಸಿ, ಹೆಗಲ ಮೇಲೆ ಹೊತ್ತು ಅಂಗಳಕ್ಕೆ ತಂದಿದ್ರು, ಮುಖ ಬೀದಿ ಕಡೆ.

"ಅಣ್ಣಾ, ಅಮ್ಮನ್ನ ಈ ಕಡೆ ತಿರುಗಿಸೋಕೆ ಹೇಳು!" ಅಂದ್ಲು ರಕ್ಷಾ.

"ಅಯ್ಯೋ, ಹಂಗೆಲ್ಲ ಮಾಡ್ತಾರೇನೇ?" ದಾನಮ್ಮತ್ತೆ ಬಾಯಿ ಮೇಲೆ ಕೈ ಇಟ್ಕೊಂಡ್ರು. ಹೆಗಲು ಕೊಟ್ಟೋರು ಮುಖ ಮುಖ ನೋಡ್ಕೊಂಡ್ರು. ಆಮೇಲೆ ನಿಧಾನಕ್ಕೆ ತಿರುಗಿಸಿದ್ರು.

ಅಪ್ಪಾಜಿ ರಕ್ಷಾ ಭುಜ ಹಿಡಿದು ಎದ್ರು. ಕತ್ತು ಬಗ್ಗಿಸಿ ಬರಿಗಾಲನ್ನೇ ನೋಡ್ತಾ ನಿಂತ್ರು.

"ಅಮ್ಮನ್ನ ನೋಡಿ ಅಪ್ಪಾಜಿ. ಕಾಲು ನೋಡ್ಬೇಡಿ."

ತಲೆ ಎತ್ತಿದ್ರು. ಒಂದು ಹೆಜ್ಜೆ. ಚಪ್ಪಲಿ ಹಾಕಿದ ಕಾಲು ಸರ್ರ್ ಅಂತು. ವಿಮಾನ ಒಂದು ಹೆಜ್ಜೆ ಹಿಂದೆ ಸರೀತು. ಇನ್ನೊಂದು ಸರ್ರ್, ಇನ್ನೊಂದು ಹೆಜ್ಜೆ ಹಿಂದೆ. ತಮಟೆಯೋರು ಬಡಿಯೋದು ಮರೆತು ನಿಂತಿದ್ರು.

ಗೇಟ್ ಬಂತು. ಅಪ್ಪಾಜಿ ಎಡಗೈಲಿ ಸರಳು ಮುಟ್ಟಿ ನಿಂತ್ಕೊಂಡ್ರು.

ವಿಮಾನ ಮಾತ್ರ ನಿಲ್ಲಲಿಲ್ಲ. ಹಿಂದೆ ಹಿಂದೆ ಹೆಜ್ಜೆ ಇಡ್ತಾ, ಅವರನ್ನೇ ನೋಡ್ಕೊಂಡು, ರಸ್ತೆ ತಿರುವಿನ ತನಕ ಹೋಯ್ತು.