ಎಲ್ಲವೂ ನಿಂತ ಗಳಿಗೆ

ನಡುರಾತ್ರಿ ಹತ್ತಿರವಾಗಿತ್ತು. ಧ್ಯಾನಮಂದಿರದಲ್ಲಿ ಗೊರ್ ಎಂದು ಸಣ್ಣದೊಂದು ಸದ್ದಾಗಿ ನ್ವೆ ಯಿನ್ ಕಣ್ಣು ತೆರೆದಳು. ಯಾರೋ ಕೂತಲ್ಲೇ ಗೊರಕೆ ಹೊಡೆದರೆಂದು ಸುತ್ತ ನೋಡಿದಳು. ಉಳಿದವರೆಲ್ಲ ಮಲಗಲು ಹೋಗಿದ್ದರು. ಸದ್ದು ತನ್ನದೇ.

ಅವಳನ್ನು ಹೆದರಿಸಿದ್ದು ಆ ಸದ್ದಿಗೆ ಮುಂಚಿನ ಖಾಲಿ. ಹೊಟ್ಟೆ ಉಬ್ಬಿತು, ಇಳಿಯಿತು ಎಂದು ಗಮನಿಸುತ್ತಿದ್ದಂತೆ ಉಸಿರು ಸಣ್ಣಗಾಗಿ, ಆಮೇಲೆ ದೇಹವಿಲ್ಲ, ತಾನೂ ಇಲ್ಲ. ನಾಲ್ಕು ದಿನದ ಹಿಂದೆ ಆದದ್ದೂ ಇದೇ. ಹಾಗಾದರೆ ಅದೂ ಬರೀ ನಿದ್ದೆ. ಅಂದು ಅನುಭವ ಒಪ್ಪಿಸುವ ಹೊತ್ತಿಗೆ ಹಿರಿಯ ಭಿಕ್ಷು ಸಯಾಡೋ ಅವರ ಮುಂದೆ "ಎಲ್ಲ ನಿಂತುಹೋಯ್ತು ಭಂತೆ" ಎಂದಿದ್ದಳು. ಆ ಖಾಲಿಯಿಂದ ಎಚ್ಚರವಾದಾಗ ಕತ್ತು ವಾಲಿತ್ತು, ಶಾಲಿನ ಮೇಲೆ ಜೊಲ್ಲಿನ ಕಲೆಯಿತ್ತು. ಅದನ್ನು ಹೇಳಿರಲಿಲ್ಲ.

ಅವರು "ಎಷ್ಟು ಹೊತ್ತು?" ಎಂದಷ್ಟೇ ಕೇಳಿದ್ದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಅವರ ಪದ್ಧತಿಯೇ ಹಾಗೆ. ಹಿಂದೆ ಕೂತಿದ್ದ ಉಳಿದ ಸಾಧಕರಿಗೆ ಅಷ್ಟೇ ಸಾಕಾಯಿತು. ಎಲ್ಲವೂ ನಿಲ್ಲುವುದೇ ನಿಬ್ಬಾಣ, ಅಂದರೆ ನಿರ್ವಾಣ, ಇವಳಿಗೆ ಅದರ ಮೊದಲ ನೋಟ ಸಿಕ್ಕಿದೆ, ಇನ್ನು ಕೀಳು ಜನ್ಮವಿಲ್ಲ ಎಂದುಕೊಂಡು, ಬೆಳಗಿನ ಗಂಜಿಯ ಸಾಲಿನಲ್ಲಿ ಅವಳಿಗೆ ದಾರಿ ಬಿಡತೊಡಗಿದರು. ಅವಳು ಬೇಡವೆನ್ನಲಿಲ್ಲ.

ಎಲ್ಲರಿಗಿಂತ ಹೆಚ್ಚು ನಂಬಿದವರು ಪಕ್ಕದಲ್ಲಿ ಕೂರುತ್ತಿದ್ದ ವಯಸ್ಸಾದ ಹೆಂಗಸು ಡೋ ಓನ್ ಚಿ. ಮಂಡಲೆಯ ಸಂತೆಯಲ್ಲಿ ನಲವತ್ತು ವರ್ಷ ಜೀವಂತ ಮೀನು ಕೊಯ್ದು ಮಾರಿದವರು. ಈಗ ಯಕೃತ್ತು ಕೆಟ್ಟಿತ್ತು, ಇನ್ನು ನಾಲ್ಕು ತಿಂಗಳೆಂದು ವೈದ್ಯರು ಕೈಚೆಲ್ಲಿದ್ದರು. ಮುಂದೆ ತಾನೇ ಮೀನಾಗಿ ಹುಟ್ಟುವೆನೆಂಬ ಭಯ ಅವರದು.

ಬೆಳಕು ಹರಿಯುತ್ತಲೇ ಅವರಿಗೆ ನಿಜ ಹೇಳಿಬಿಡಬೇಕೆಂದು ನ್ವೆ ಯಿನ್ ನೀರಿನ ತೊಟ್ಟಿಯ ಬಳಿ ಕಾದಳು.

"ಅಕ್ಕಾ, ನಿಮಗೊಂದು ಮಾತು ಹೇಳ್ಬೇಕಿತ್ತು."

"ತಡಿಯೇ, ಮೊದಲು ನಂದು ಕೇಳು. ನೀನೊಬ್ಳೇ ದೊಡ್ಡೋಳಾಗ್ಬೇಕಾ? ನಿನ್ನೆ ಮಧ್ಯಾಹ್ನ ನಂಗೂ ಆಯ್ತು ಕಣೇ. ಎಲ್ಲಾ ನಿಂತೋಯ್ತು."

ನಿನ್ನೆ ಮಧ್ಯಾಹ್ನ ಅವರ ಗೊರಕೆ ಕೇಳಿ ಮೆಲ್ಲಗೆ ಮೊಣಕೈ ತಾಗಿಸಿದವಳು ನ್ವೆ ಯಿನ್.

"ಎಷ್ಟು ಹೊತ್ತು?" ಎಂದಳು.

"ಯಾರಿಗ್ಗೊತ್ತು. ಯಾರೋ ತಟ್ಟಿದ ಹಾಗಾಯ್ತು, ವಾಪಸ್ ಬಂದೆ. ರಾತ್ರಿ ಒಂದು ಮೀನೂ ಕನಸಿಗೆ ಬರ್ಲಿಲ್ಲ."

"ಸಯಾಡೋಗೆ ಹೇಳಿದ್ರಾ?"

"ಯಾಕೆ? ನೀನು ಹೇಳಿದ್ದು ಕೇಳಿದೀನಲ್ಲ, ಅದೇ ಇದು. ಇನ್ನು ಈ ಬೆನ್ನು ಮುರ್ಕೊಂಡು ಕೂರೋದು ಬೇಡ. ನಾಳೆ ಮಗಳ ಮನೆಗೆ ಹೋಗ್ತೀನಿ. ಹೋಗ್ಲಿ, ನೀನೇನೋ ಹೇಳ್ಬೇಕಂದ್ಯಲ್ಲ?"

ಹೇಳಿದರೆ ಇಂದು ರಾತ್ರಿಯೇ ಮೀನುಗಳು ಮರಳುತ್ತವೆ. ಹೇಳದಿದ್ದರೆ ಉಳಿದ ನಾಲ್ಕು ತಿಂಗಳು ಅವರು ಸಾಧನೆ ಬಿಟ್ಟು, ಒಂದು ತೂಕಡಿಕೆಯನ್ನು ನಂಬಿಕೊಂಡು ಸಾಯುತ್ತಾರೆ. ಅದನ್ನು ನಿಬ್ಬಾಣವೆಂದು ಕಲಿಸಿದವಳು ತಾನು.

"ಏನಿಲ್ಲಕ್ಕ. ಬೆನ್ನಿಗೆ ಎಣ್ಣೆ ಹಚ್ಲಾ ಅಂತ."

"ಹಚ್ಚು ಹಚ್ಚು. ಪುಣ್ಯವಂತೆಯ ಕೈ."

ಎಲುಬೆದ್ದ ಆ ಬೆನ್ನನ್ನು ಅವಳು ತಿಕ್ಕತೊಡಗಿದಳು. ತನ್ನ ಬಾಯಿ ಮುಚ್ಚಿಸಿದ್ದು ಕರುಣೆಯೊಂದೇ ಅಲ್ಲ, ಗಂಜಿಯ ಸಾಲಿನಲ್ಲಿ ಸಿಕ್ಕ ದಾರಿಯೂ ಹೌದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಆದದ್ದು ಬರೀ ನಿದ್ದೆಯೆಂದು ಸಯಾಡೋಗಾಗಲಿ ಇನ್ನಾರಿಗಾಗಲಿ ಎಂದೂ ಹೇಳಬಾರದೆಂದು ನಿಶ್ಚಯಿಸಿದಳು.